ತಂತ್ರಾಂಶವನ್ನು ಉಪಯೋಗಿಸುವವರ ಎರಡು ಋಣಗಳು

ಮನೆಯಲ್ಲಿಯೂ ಶಾಲೆಯಲ್ಲಿಯೂ ನಿತ್ಯ ಉಪಯೋಗವಾಗುವ, ಆದರೆ ಅದರ ಹಿಂದಿನ ಶ್ರಮವನ್ನು ನಾವು ಅಪರೂಪವಾಗಿ ಆಲೋಚಿಸುವ ಒಂದು ವಸ್ತುವಿನ ವಿಷಯವಾಗಿ ನಾಲ್ಕು ಮಾತುಗಳನ್ನು ಈ ಸಂಚಿಕೆಯಲ್ಲಿ ನಿವೇದಿಸಬೇಕೆಂದಿದ್ದೇವೆ. ಆ ವಸ್ತುವು ತಂತ್ರಾಂಶ. ಅದರಲ್ಲಿಯೂ ವಿಶೇಷವಾಗಿ ಒಬ್ಬರೋ ಇಬ್ಬರೋ ಕೂಡಿ, ದೊಡ್ಡ ಬಂಡವಾಳವಿಲ್ಲದೆ ರಚಿಸುವ ಚಿಕ್ಕ ತಂತ್ರಾಂಶ.

ಗಣಕಯಂತ್ರಕ್ಕಾಗಲಿ ಕೈಯಲ್ಲಿ ಹಿಡಿಯುವ ಫೋನಿಗಾಗಲಿ ಇಂಥದನ್ನು ಹೀಗೆ ಮಾಡು ಎಂದು ಕ್ರಮವಾಗಿ ಬರೆದಿಟ್ಟ ಆಜ್ಞೆಗಳ ಸಮೂಹವೇ ತಂತ್ರಾಂಶ. ಪ್ರಶ್ನಪತ್ರಿಕೆಯನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವುದು, ಹಾಜರಿಯನ್ನು ಲೆಕ್ಕಹಾಕುವುದು, ಪದದ ಅರ್ಥವನ್ನು ಹುಡುಕುವುದು ಇವೆಲ್ಲ ಅದರ ಕೆಲಸಗಳು. ಇವುಗಳಲ್ಲಿ ಕೆಲವನ್ನು ಸಾವಿರಾರು ಜನ ನೌಕರರುಳ್ಳ ಸಂಸ್ಥೆಗಳು ತಯಾರಿಸುತ್ತವೆ. ಆದರೆ ಕನ್ನಡದಂಥ ಭಾಷೆಗೆ ಅಗತ್ಯವಾದ ಅನೇಕ ಉಪಕರಣಗಳನ್ನು, ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ದೀಪದ ಬೆಳಕಿನಲ್ಲಿ ಕುಳಿತ ಒಬ್ಬಿಬ್ಬರು ವ್ಯಕ್ತಿಗಳೇ ರಚಿಸಿದ್ದಾರೆಂಬುದನ್ನು ಎಲ್ಲರೂ ಬಲ್ಲವರಲ್ಲ. ಇಂಥ ರಚನೆಕಾರರಿಗೆ ಅದನ್ನು ಉಪಯೋಗಿಸುವ ನಾವು ಎರಡು ವಿಧದ ಋಣವುಳ್ಳವರಾಗಿದ್ದೇವೆ. ಒಂದು ಮಾತಿನ ಋಣ. ಇನ್ನೊಂದು ಹಣದ ಋಣ. ಇವೆರಡರ ಸ್ವರೂಪವನ್ನೂ, ಒಂದು ಇನ್ನೊಂದಕ್ಕೆ ಬದಲಾಗಲಾರದೆಂಬುದನ್ನೂ ವಿವರಿಸುವುದೇ ಈ ಲೇಖನದ ಉದ್ದೇಶ.

ಈ ಎರಡು ಋಣಗಳೂ ನಮ್ಮ ಬಳ್ಳಾರಿಗೆ ಹೊಸವಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ದೊರೆಗಳು 1810ರಲ್ಲಿ ಈ ಊರಿಗೆ ಬಂದು ನೆಲಸಿ, ಸತ್ಯವೇದವನ್ನು ಕನ್ನಡಕ್ಕೆ ಭಾಷಾಂತರಿಸುವ ಕೆಲಸವನ್ನು ಕೈಕೊಂಡರು. ಅವರ ಜೊತೆಗಾರರಾದ ವಿಲಿಯಂ ರೀವ್ ಅವರು ಇಂಗ್ಲಿಷ್ ಕನ್ನಡ ನಿಘಂಟನ್ನು 1824ರಲ್ಲಿಯೂ, ಕನ್ನಡ ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಪ್ರಕಟಿಸಿದರು. ಆ ನಿಘಂಟು ಅಲ್ಲಿಗೆ ಮುಗಿಯಲಿಲ್ಲ. 1858ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅವರು ಅದನ್ನು ತಿದ್ದಿ ವಿಸ್ತರಿಸಿ ಬೆಂಗಳೂರಿನಲ್ಲಿ ಮತ್ತೆ ಅಚ್ಚುಹಾಕಿಸಿದರು. 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ ಅವರ ಮಹಾನಿಘಂಟು ಹೊರಟಿತು. ಒಂದು ಗ್ರಂಥವು ಬಳಕೆಗೆ ಬಂದ ಮೇಲೆಯೇ ಅದರ ಕೊರತೆಗಳು ಗೋಚರವಾಗುತ್ತವೆ. ಬಳಸಿದವರು ಸೂಚಿಸಿದ ಕೊರತೆಗಳಿಂದಲೇ ಮುಂದಿನ ಆವೃತ್ತಿಯು ಉತ್ತಮವಾಗುತ್ತದೆ.

ವೃತ್ತಪತ್ರಿಕೆಯ ಚರಿತ್ರೆಯೂ ಅಂಥದೇ. 1843ನೆಯ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕನ್ನಡದ ಪ್ರಥಮ ಪತ್ರಿಕೆ. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿತ್ತು. 1844ರಲ್ಲಿ ಅದು ನಮ್ಮ ಬಳ್ಳಾರಿಗೆ ಬಂದು, ಅಚ್ಚಿನ ಮೊಳೆಗಳಿಂದ ಮುದ್ರಿತವಾಗಿ, ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ಪಡೆಯಿತು. ಮೊಳೆಗಳಿಗೂ ಕಾಗದಕ್ಕೂ ಕೆಲಸಗಾರರಿಗೂ ಹಣ ಬೇಕು. ಮಿಷನ್ನಿನ ಕೆಲಸಗಳು ದೂರದೇಶದ ಸಾಮಾನ್ಯ ಜನರು ಚಂದಾ ರೂಪವಾಗಿ ಕೊಟ್ಟ ಕಾಣಿಕೆಗಳಿಂದಲೇ ಬಹುಮಟ್ಟಿಗೆ ನಡೆದವು. ಕೊಟ್ಟವರು ಬಳ್ಳಾರಿಯನ್ನು ಕಂಡವರಲ್ಲ, ಕನ್ನಡ ಅಕ್ಷರವನ್ನು ಬಲ್ಲವರೂ ಅಲ್ಲ. ಆದರೂ ಓದುವವರ ತಿದ್ದುಪಡಿಯೂ ಕೊಡುವವರ ಕಾಣಿಕೆಯೂ ಕೂಡಿದ್ದರಿಂದಲೇ ಕನ್ನಡದ ಅಚ್ಚಿನ ಅಕ್ಷರ ಈ ನಾಡಿನಲ್ಲಿ ಬೇರೂರಿತು. ಅಚ್ಚಿನ ಮೊಳೆಯ ಸ್ಥಾನದಲ್ಲಿ ಈಗ ತಂತ್ರಾಂಶ ಬಂದಿದೆ. ಅದಕ್ಕೂ ಬೇಕಾದುವು ಇವೇ ಎರಡು.

ತಂತ್ರಾಂಶದಲ್ಲಿ ಖರ್ಚಿನ ವಿಷಯವು ಏಕೆ ಮರೆಯಾಗುತ್ತದೆಂಬುದನ್ನು ಮೊದಲು ತಿಳಿಯಬೇಕು. ಬಳ್ಳಾರಿಯು ಜೀನ್ಸ್ ಬಟ್ಟೆಯ ಹೊಲಿಗೆಗೆ ಹೆಸರಾದ ಊರು. ಅಲ್ಲಿ ಒಂದು ಷರಾಯಿಯನ್ನು ಹೊಲಿದ ಮೇಲೆ ಎರಡನೆಯದನ್ನು ಹೊಲಿಯಲು ಮತ್ತೆ ಬಟ್ಟೆ ಬೇಕು, ದಾರ ಬೇಕು, ಕೂಲಿ ಬೇಕು. ಆದಕಾರಣ ಪ್ರತಿಯೊಂದಕ್ಕೂ ಬೆಲೆ ಉಂಟೆಂಬುದು ಮಗುವಿಗೂ ತಿಳಿಯುತ್ತದೆ. ತಂತ್ರಾಂಶವು ಹಾಗಲ್ಲ. ಮೊದಲನೆಯ ಪ್ರತಿಯನ್ನು ಸಿದ್ಧಪಡಿಸಲು ವರುಷಗಳೇ ಹಿಡಿಯಬಹುದು. ಆದರೆ ಎರಡನೆಯ ಪ್ರತಿಗೂ ಲಕ್ಷದ ಪ್ರತಿಗೂ ಹೆಚ್ಚು ವೆಚ್ಚ ತಗಲುವುದಿಲ್ಲ. ನಮ್ಮ ಕೈಗೆ ಬರುವ ಪ್ರತಿಯನ್ನು ಮಾಡಲು ಏನೂ ಖರ್ಚಾಗಲಿಲ್ಲವಾದ್ದರಿಂದ ಆ ಉಪಕರಣಕ್ಕೇ ಖರ್ಚಿಲ್ಲವೆಂದು ನಾವು ಭಾವಿಸುತ್ತೇವೆ.

ನಿಜವಾಗಿ ಖರ್ಚು ಎರಡು ಕಡೆ ಇದೆ. ಒಂದು ಕಟ್ಟುವಾಗ, ಇನ್ನೊಂದು ಕಾಯುವಾಗ. ಫೋನುಗಳೂ ಗಣಕಯಂತ್ರಗಳೂ ಪ್ರತಿವರ್ಷ ಬದಲಾಗುತ್ತವೆ. ಹಳೆಯ ಯಂತ್ರಕ್ಕೆ ಹೊಂದಿದ ತಂತ್ರಾಂಶ ಹೊಸದರಲ್ಲಿ ನಡೆಯದೆ ಹೋಗುತ್ತದೆ. ಕಳ್ಳರು ಒಳಹೊಗದಂತೆ ಬಿರುಕುಗಳನ್ನು ಮುಚ್ಚುತ್ತಿರಬೇಕು. ಆ್ಯಪಲ್ ಕಂಪನಿಯ ಅಂಗಡಿಯಲ್ಲಿ ತಂತ್ರಾಂಶವನ್ನಿಡಲು ರಚನೆಕಾರನು ವರುಷಕ್ಕೆ 99 ಡಾಲರುಗಳನ್ನೂ, ಗೂಗಲ್ ಕಂಪನಿಯ ಅಂಗಡಿಯಲ್ಲಾದರೆ ಒಂದು ಸಲಕ್ಕೆ 25 ಡಾಲರುಗಳನ್ನೂ ತೆರಬೇಕು. ಇವುಗಳಿಗಿಂತಲೂ ದೊಡ್ಡ ವೆಚ್ಚವೆಂದರೆ ಅವನ ಅಥವಾ ಅವಳ ಸಮಯ.

ಕಾಯುವ ಖರ್ಚಿನ ಮಹತ್ವವನ್ನು ನಮ್ಮ ಸೀಮೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣವಾಯಿತು. ಸಿರುಗುಪ್ಪದ ಭತ್ತದ ಗದ್ದೆಗಳೂ ಕುರುಗೋಡಿನ ಹೊಲಗಳೂ ಅದರ ಕಾಲುವೆಗಳ ನೀರನ್ನು ನಂಬಿಕೊಂಡಿವೆ. 2024ನೆಯ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಬಾಗಿಲುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಕೊಂಡುಹೋಯಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸುವ ತನಕ ರೈತರ ಜೀವ ಕೈಯಲ್ಲಿತ್ತು. ಅಷ್ಟು ದೊಡ್ಡ ಕಲ್ಲಿನ ಕಟ್ಟಡವು ನಿಂತಿದ್ದಂತೆಯೇ ನಿಂತಿತ್ತು. ಮುರಿದದ್ದು ಒಂದು ಸರಪಳಿ. ಕಟ್ಟುವ ಕೆಲಸ ಒಮ್ಮೆ ಮುಗಿಯುತ್ತದೆ. ಕಾಯುವ ಕೆಲಸ ಎಂದಿಗೂ ಮುಗಿಯುವುದಿಲ್ಲ. ಕಟ್ಟಿದಾಗ ಹಾರ ಹಾಕುವವರು ಬಹಳ. ಕಾಯುವಾಗ ಎಣ್ಣೆಗೆ ಕಾಸು ಕೊಡುವವರು ಕಡಿಮೆ.

ಕನ್ನಡದ ತಂತ್ರಾಂಶಗಳ ಚರಿತ್ರೆಯಲ್ಲಿ ಹಣದ ದಾರಿಗಳು ಹೇಗೆ ಬೇರೆಬೇರೆಯಾದವೆಂಬುದನ್ನು ನೋಡೋಣ. ಕೆ. ಪಿ. ರಾವ್ ಅವರು ಉಚ್ಚಾರಣೆಯನ್ನನುಸರಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಮುಂದೆ ಕರ್ನಾಟಕ ಸರಕಾರ ಅದನ್ನೇ ಅಧಿಕೃತವಾಗಿ ಅಂಗೀಕರಿಸಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವೆಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದರು. ಅದು ಬಹುಕಾಲ ಉಚಿತವಾಗಿ ದೊರೆಯಿತು. ಮುಂದಿನ ಆವೃತ್ತಿಗಳಿಗೆ ಬೆಲೆ ಇಡಲಾಯಿತು. ಕನ್ನಡ ಗಣಕ ಪರಿಷತ್ತು ಸರಕಾರದ ಆಶ್ರಯದಲ್ಲಿ ‘ನುಡಿ’ಯನ್ನು ಸಿದ್ಧಪಡಿಸಿತು, ಅದನ್ನು ಜನರಿಗೆ ಉಚಿತವಾಗಿ ಹಂಚಲಾಯಿತು. ವಿ. ಕೃಷ್ಣ ಎಂಬವರು ನಾಲ್ಕು ದಶಕಗಳಿಗೂ ಮೀರಿ ಏಕಾಂಗಿಯಾಗಿ ಸಂಗ್ರಹಿಸಿದ ಕನ್ನಡ ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯೊಡನೆ ಲೋಕಕ್ಕೆ ದೊರಕಿತು. ಅದರಲ್ಲಿ ಸುಮಾರು ಒಂದೂವರೆ ಲಕ್ಷ ಶಬ್ದಗಳಿವೆ. ರೀವ್ ಅವರು ಬಳ್ಳಾರಿಯಲ್ಲಿ ಕೈಕೊಂಡಿದ್ದ ಶ್ರಮವು ಇನ್ನೊಂದು ರೂಪದಿಂದ ಮುಂದುವರಿದಂತಾಯಿತಲ್ಲವೇ?

ಬಿಡಿ ವ್ಯಕ್ತಿಯ ಸ್ವಂತ ದುಡಿಮೆ, ಕೊಳ್ಳುವವರ ಬೆಲೆ, ಸರಕಾರದ ನೆರವು, ದಾನಿಗಳ ಕಾಣಿಕೆ ಎಂಬ ಈ ನಾಲ್ಕು ದಾರಿಗಳಲ್ಲಿ ಯಾವುದೂ ದೋಷವಿಲ್ಲದ್ದಲ್ಲ. ಸ್ವಂತ ದುಡಿಮೆಯು ಆ ವ್ಯಕ್ತಿಯ ಆರೋಗ್ಯವೂ ಉತ್ಸಾಹವೂ ಇರುವ ತನಕ ಮಾತ್ರ ನಡೆಯುತ್ತದೆ. ಬೆಲೆ ಇಟ್ಟರೆ ಬಡವರ ಕೈಗೆ ಎಟಕದು. ಸರಕಾರದ ನೆರವು ಒಂದು ವರ್ಷ ಬಂದೀತು, ಮತ್ತೊಂದು ವರ್ಷ ನಿಂತೀತು. ಕಾಣಿಕೆಯು ಕೊಡುವವರ ಮನಸ್ಸನ್ನು ಅವಲಂಬಿಸಿದೆ. ಐದನೆಯದಾಗಿ ಜಾಹೀರಾತಿನ ದಾರಿಯೊಂದುಂಟು. ಅದರಲ್ಲಿ ನಾವು ಹಣ ಕೊಡುವುದಿಲ್ಲ. ನಮ್ಮ ಮಕ್ಕಳ ಗಮನವನ್ನು ಮಾರಿ ಹಣವನ್ನು ಸಂಪಾದಿಸುತ್ತಾರೆ.

ಇಲ್ಲಿ ಒಂದು ತತ್ತ್ವವನ್ನು ಗಮನಿಸಬೇಕು. ಹಣವು ಯಾವ ಕಡೆಯಿಂದ ಬರುತ್ತದೆಯೋ ರಚನೆಕಾರನ ಕಿವಿಯು ಆ ಕಡೆಗೇ ವಾಲುತ್ತದೆ. ಇದು ದುರಾಶೆಯಿಂದಲ್ಲ, ಹೊಟ್ಟೆಯ ಅಗತ್ಯದಿಂದ. ಜಾಹೀರಾತಿನವನು ಕೊಟ್ಟರೆ ಜಾಹೀರಾತಿನವನ ಇಚ್ಛೆ ನಡೆಯುತ್ತದೆ. ಒಬ್ಬನೇ ಶ್ರೀಮಂತನು ಕೊಟ್ಟರೆ ಅವನ ಇಚ್ಛೆ ನಡೆಯುತ್ತದೆ. ಕನ್ನಡ ಶಾಲೆಗಳ ಅಗತ್ಯವನ್ನು ಕೇಳುವ ಕಿವಿ ಬೇಕಾದರೆ ಕನ್ನಡ ಶಾಲೆಗಳಿಂದಲೂ ಕನ್ನಡದ ಮನೆಗಳಿಂದಲೂ ಏನಾದರೂ ಅಲ್ಲಿಗೆ ಹೋಗಬೇಕು. ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಇನ್ನು ಮಾತಿನ ಋಣದ ವಿಚಾರ. ಕಾಲುವೆಯ ಮೇಲ್ಗಡೆಯಲ್ಲಿ ತೂಬಿನ ಬಳಿ ನಿಂತವನಿಗೆ ನೀರು ತುಂಬಿ ಹರಿಯುವಂತೆಯೇ ಕಾಣುತ್ತದೆ. ನಡುವೆ ಎಲ್ಲಿಯೋ ದಂಡೆ ಒಡೆದು, ಕೊನೆಯ ಗದ್ದೆಗೆ ನೀರು ಮುಟ್ಟದೆ ಸಸಿ ಒಣಗುತ್ತಿರುವುದು ಕೊನೆಯ ರೈತನಿಗೆ ಮಾತ್ರ ಗೊತ್ತು. ಅವನು ಬಂದು ಹೇಳದಿದ್ದರೆ ತೂಬಿನವನಿಗೆ ತಿಳಿಯುವ ಬಗೆಯಿಲ್ಲ. ತಂತ್ರಾಂಶದಲ್ಲಿಯೂ ಹೀಗೆಯೇ. ರಚನೆಕಾರನು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಹೊಸ ಯಂತ್ರದ ಮುಂದೆ ಕುಳಿತಿರುತ್ತಾನೆ. ಸಿರುಗುಪ್ಪದ ಹಳ್ಳಿಯೊಂದರಲ್ಲಿ ತಾಯಿಯ ಹಳೆಯ ಫೋನಿನಲ್ಲಿ, ಅರ್ಧ ಬಂದು ಅರ್ಧ ಹೋಗುವ ಸಂಪರ್ಕದಲ್ಲಿ ಓದುವ ಹುಡುಗಿಗೆ ಆ ತಂತ್ರಾಂಶ ಎಲ್ಲಿ ನಿಂತುಹೋಗುತ್ತದೆಂಬುದನ್ನು ಅವನು ಹೇಗೆ ಬಲ್ಲನು?

ಕನ್ನಡದ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳಿರಿ. ‘ಸೂರ್ಯ’ ಎಂಬ ಶಬ್ದದಲ್ಲಿ ರಕಾರವು ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಬರುತ್ತದೆ. ‘ರ‍್ಯಾಂಕ್’ ಎಂಬ ಶಬ್ದದಲ್ಲಾದರೋ ರಕಾರವು ತನ್ನ ಪೂರ್ಣರೂಪದಲ್ಲಿ ನಿಂತು ಯಕಾರವು ಕೆಳಗೆ ಒತ್ತಾಗಬೇಕು. ಯಂತ್ರಕ್ಕೆ ಎರಡೂ ಕಡೆ ಅಕ್ಷರಗಳು ಒಂದೇ: ರಕಾರ, ಹಲಂತ, ಯಕಾರ. ಆದ್ದರಿಂದ ವಿಶೇಷವಾದ ಸೂಚನೆಯಿಲ್ಲದಿದ್ದರೆ ಅದು ಎರಡನ್ನೂ ಸೂರ್ಯನಂತೆಯೇ ಬರೆಯುತ್ತದೆ. ಕಣ್ಣಿಗೆ ಕಾಣದ ಒಂದು ಸಂಜ್ಞೆಯನ್ನು ನಡುವೆ ಸೇರಿಸಿದರೆ ಮಾತ್ರ ಸರಿಯಾದ ರೂಪ ಬರುತ್ತದೆ. ಕನ್ನಡವನ್ನು ಬಲ್ಲವರು ಬಳಸಿ, ಇದು ಹೀಗಲ್ಲ ಹಾಗಿರಬೇಕು ಎಂದು ಹೇಳದೆ ಹೋದರೆ, ಕನ್ನಡವನ್ನರಿಯದ ಯಂತ್ರಶಿಲ್ಪಿಗೆ ಇಂಥ ಸೂಕ್ಷ್ಮವು ಎಂದಿಗೂ ಹೊಳೆಯಲಾರದು. ಇಂಥ ಮಾತನ್ನು ಹೇಳಲು ಗಣಿತಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. ಕಾಗುಣಿತವನ್ನು ಚೆನ್ನಾಗಿ ಕಲಿತ ಯಾವ ವಿದ್ಯಾರ್ಥಿನಿಯಾದರೂ ಹೇಳಬಲ್ಲಳು.

ಆದರೆ ಹೇಳುವುದಕ್ಕೂ ಒಂದು ಕ್ರಮವುಂಟು. “ನಿಮ್ಮ ತಂತ್ರಾಂಶ ಕೆಲಸಕ್ಕೆ ಬಾರದು” ಎಂದು ಬರೆದರೆ ಅದು ಕೋಪವನ್ನು ತಿಳಿಸುತ್ತದೆಯೇ ಹೊರತು ದೋಷವನ್ನು ತಿಳಿಸುವುದಿಲ್ಲ. ಐದು ಚುಕ್ಕೆಗಳಲ್ಲಿ ಒಂದನ್ನೊತ್ತಿ ಸುಮ್ಮನಾಗುವುದೂ ಹಾಗೆಯೇ. ವೈದ್ಯರ ಬಳಿಗೆ ಹೋಗಿ ಎಲ್ಲಿ ನೋವೆಂದು ಹೇಳದೆ ಬರಿದೆ ನರಳಿದಂತೆ. ನಮ್ಮ ಶಾಲೆಯ ಮಕ್ಕಳಿಗೆ ನಾವು ಕಲಿಸುವ ಕ್ರಮವು ಐದು ಪ್ರಶ್ನೆಗಳನ್ನೊಳಗೊಂಡಿದೆ. ಯಾವ ಯಂತ್ರದಲ್ಲಿ, ತಂತ್ರಾಂಶದ ಯಾವ ಆವೃತ್ತಿಯಲ್ಲಿ ಹೀಗಾಯಿತು? ನಾವು ಕ್ರಮವಾಗಿ ಏನೇನು ಮಾಡಿದೆವು? ಏನಾಗುವುದೆಂದು ನಿರೀಕ್ಷಿಸಿದ್ದೆವು? ನಿಜವಾಗಿ ಏನಾಯಿತು? ಮತ್ತೊಮ್ಮೆ ಮಾಡಿದಾಗಲೂ ಹಾಗೆಯೇ ಆಯಿತೇ? ಈ ಐದಕ್ಕೆ ಉತ್ತರವುಳ್ಳ ಹತ್ತು ಸಾಲಿನ ಪತ್ರವು ರಚನೆಕಾರನ ಹತ್ತು ದಿನದ ಹುಡುಕಾಟವನ್ನು ಉಳಿಸೀತು. ಇದು ಒಳ್ಳೆಯ ಪ್ರಬಂಧ ರಚನೆಯ ಅಭ್ಯಾಸವೂ ಹೌದು: ಕಂಡದ್ದನ್ನು ಕಂಡಂತೆ, ಕ್ರಮತಪ್ಪದೆ, ಹೆಚ್ಚಿಸದೆ ಹೇಳುವುದು.

ಕೊರತೆಯನ್ನು ಹೇಳುವಾಗ ನಮ್ಮ ಅಗತ್ಯವನ್ನು ಹೇಳಬೇಕೇ ಹೊರತು ಪರಿಹಾರವನ್ನು ವಿಧಿಸಬಾರದು. “ಇಲ್ಲಿ ಕೆಂಪು ಗುಂಡಿಯೊಂದನ್ನು ಇಡಿರಿ” ಎನ್ನುವುದಕ್ಕಿಂತ, “ಐವತ್ತು ಮಕ್ಕಳ ಅಂಕಗಳನ್ನು ಒಂದೊಂದಾಗಿ ತುಂಬುವಾಗ ನಮಗೆ ಒಂದು ಗಂಟೆ ಹಿಡಿಯುತ್ತದೆ” ಎಂದರೆ ಅದು ಹೆಚ್ಚು ಉಪಯುಕ್ತವಾದ ಮಾತು. ಗುಂಡಿಗಿಂತ ಉತ್ತಮವಾದ ಉಪಾಯವು ಅವನಿಗೆ ತಿಳಿದಿರಬಹುದು. ಕೊನೆಯದಾಗಿ, ಸರಿಯಾಗಿ ನಡೆದದ್ದನ್ನೂ ಹೇಳಬೇಕು. ದೂರುವವರ ಧ್ವನಿ ಮಾತ್ರ ಕೇಳುತ್ತಿದ್ದರೆ, ತೃಪ್ತರಾದ ಸಾವಿರ ಮಂದಿ ಇದ್ದಾರೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಮಾತು ಹೇಗೆ ರಕ್ಷಿಸಬಲ್ಲದು, ಹೇಗೆ ಹಿಂಸಿಸಬಲ್ಲದು ಎಂಬುದಕ್ಕೆ 2024ರಲ್ಲಿ ಬೆಳಕಿಗೆ ಬಂದ ಒಂದೇ ಸಂಗತಿಯಲ್ಲಿ ಎರಡು ದೃಷ್ಟಾಂತಗಳೂ ದೊರೆಯುತ್ತವೆ. ‘ಎಕ್ಸ್‌ಜೆಡ್’ ಎಂಬುದು ಕಡತಗಳನ್ನು ಕುಗ್ಗಿಸಿಡುವ ಒಂದು ಚಿಕ್ಕ ತಂತ್ರಾಂಶ. ಜಗತ್ತಿನ ಅಸಂಖ್ಯ ಗಣಕಯಂತ್ರಗಳ ಒಳಗೆ ಅದು ಇದೆ. ಆದರೆ ಅದನ್ನು ಬಹುಕಾಲ ನೋಡಿಕೊಂಡವನು ಸಂಬಳವಿಲ್ಲದ ಒಬ್ಬನೇ ಒಬ್ಬ. 2022ರ ಸುಮಾರಿಗೆ ಗುರುತಿಲ್ಲದ ಕೆಲವರು ಅವನಿಗೆ ಮೇಲಿಂದ ಮೇಲೆ ಬರೆದು, ನೀನು ನಿಧಾನ, ಬೇರೆಯವರಿಗೆ ಅಧಿಕಾರ ಕೊಡು ಎಂದು ಪೀಡಿಸಿದರು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ಅಪರಿಚಿತನೊಬ್ಬನು ಸಹಾಯಕನಂತೆ ಬಂದು, ಕ್ರಮೇಣ ಅಧಿಕಾರವನ್ನು ಪಡೆದು, ಅದರೊಳಗೆ ಕಳ್ಳಬಾಗಿಲನ್ನಿಟ್ಟನು. ಆಂಡ್ರೆಸ್ ಫ್ರಾಯಿಂಡ್ ಎಂಬ ಯಂತ್ರಶಿಲ್ಪಿಯು ತನ್ನ ಯಂತ್ರದೊಳಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿ, ಅದರ ಕಾರಣವನ್ನು ಬೆನ್ನಟ್ಟಿ, 2024ನೆಯ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದನು. ಅನಾಹುತ ತಪ್ಪಿತು. ಪೀಡಿಸುವ ಮಾತುಗಳು ದಣಿದ ಒಬ್ಬನ ಕೈಯಿಂದ ಬೀಗದ ಕೈಯನ್ನು ಕಸಿದವು. ಗಮನವಿಟ್ಟು ಬರೆದ ಒಂದು ಪತ್ರವು ಲೋಕವನ್ನು ಉಳಿಸಿತು.

ಅದೇ ಸಂಗತಿಯು ಹಣದ ಋಣವನ್ನೂ ಜ್ಞಾಪಿಸುತ್ತದೆ. ಅದಕ್ಕೆ ಹತ್ತು ವರುಷ ಮೊದಲು, 2014ರ ಏಪ್ರಿಲ್ ತಿಂಗಳಲ್ಲಿ, ‘ಓಪನ್ ಎಸ್ಎಸ್ಎಲ್’ ಎಂಬ ತಂತ್ರಾಂಶದಲ್ಲಿ ಒಂದು ಭಯಂಕರವಾದ ಬಿರುಕು ಕಾಣಿಸಿತು. ಬ್ಯಾಂಕುಗಳೂ ಅಂಗಡಿಗಳೂ ಗುಟ್ಟಿನ ಸಂದೇಶಗಳನ್ನು ಕಾಪಾಡಿಕೊಳ್ಳಲು ಅದನ್ನೇ ನಂಬಿದ್ದವು. ಆಗ ವಿಚಾರಿಸಿ ನೋಡಿದರೆ, ಅದಕ್ಕೆ ವರುಷಕ್ಕೆ ಬರುತ್ತಿದ್ದ ಕಾಣಿಕೆ ಸುಮಾರು 2,000 ಡಾಲರು. ಪೂರ್ಣಕಾಲ ದುಡಿಯುತ್ತಿದ್ದವನು ಒಬ್ಬನೇ. ಕೋಟ್ಯಂತರ ರೂಪಾಯಿಗಳ ವ್ಯಾಪಾರವನ್ನು ಅದರ ಮೇಲೆ ನಡೆಸಿದವರಾರೂ ಅದರ ಯೋಗಕ್ಷೇಮವನ್ನು ವಿಚಾರಿಸಿರಲಿಲ್ಲ. ಅನಂತರವೇ ದೊಡ್ಡ ಕಂಪನಿಗಳು ಕೂಡಿ ಹಣ ಒದಗಿಸಲಾರಂಭಿಸಿದವು. ನಮ್ಮ ದೇಶದಲ್ಲಿಯೂ ಬೆಂಗಳೂರಿನ ಜೀರೋಧಾ ಸಂಸ್ಥೆಯು ಇಂಥ ಮುಕ್ತ ತಂತ್ರಾಂಶಗಳಿಗೆ ವರುಷಕ್ಕೆ 10 ಲಕ್ಷ ಡಾಲರುಗಳನ್ನು ಕೊಡುವ ನಿಧಿಯೊಂದನ್ನು 2024ರಲ್ಲಿ ಸ್ಥಾಪಿಸಿತು. ಇದು ಸ್ತುತ್ಯವೇ. ಆದರೆ ಒಂದು ಶಾಲೆಯ ಅಂಕಪಟ್ಟಿಗೆ ಬೇಕಾದ ಚಿಕ್ಕ ಉಪಕರಣದ ತನಕ ಎಲ್ಲ ನಿಧಿಗಳ ಕೈಯೂ ಚಾಚಲಾರದು.

ಮಾತನ್ನೂ ಹಣವನ್ನೂ ಧರ್ಮವನ್ನೂ ಕೂಡಿಸಿದ ಒಬ್ಬ ರಚನೆಕಾರನ ವೃತ್ತಾಂತವನ್ನು ಇಲ್ಲಿ ಹೇಳಲೇಬೇಕು. ನೆದರ್ಲೆಂಡ್ಸ್ ದೇಶದ ಬ್ರಾಮ್ ಮೂಲೆನಾರ್ ಎಂಬವರು 1991ರಲ್ಲಿ ‘ವಿಮ್’ ಎಂಬ ಬರೆವಣಿಗೆಯ ತಂತ್ರಾಂಶವನ್ನು ಬಿಡುಗಡೆ ಮಾಡಿ ಉಚಿತವಾಗಿ ಕೊಟ್ಟರು. ಇದು ನಿಮಗೆ ಉಪಯೋಗವಾದರೆ ಆಫ್ರಿಕದ ಯುಗಾಂಡ ದೇಶದ ಕಿಬಾಲೆ ಎಂಬಲ್ಲಿರುವ ನಿರ್ಗತಿಕ ಮಕ್ಕಳ ವಿದ್ಯಾಭ್ಯಾಸಕ್ಕೂ ಆರೈಕೆಗೂ ಕಾಣಿಕೆ ಕೊಡಿರಿ ಎಂಬುದೊಂದೇ ಅವರ ಬಿನ್ನಹವಾಗಿತ್ತು. ತಂತ್ರಾಂಶದ ಅಭಿವೃದ್ಧಿಗೆ ನೆರವಾದವರಿಗೆ, ಮುಂದೆ ಅದರಲ್ಲಿ ಯಾವ ಸೌಕರ್ಯವನ್ನು ಮೊದಲು ಸೇರಿಸಬೇಕೆಂಬುದಕ್ಕೆ ಮತ ಕೊಡುವ ಹಕ್ಕನ್ನೂ ಇಟ್ಟಿದ್ದರು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಆದರೆ ಸ್ವಯಂಸೇವಕರು ಆ ತಂತ್ರಾಂಶವನ್ನು ಬಿಡದೆ ಮುಂದುವರಿಸಿದರು. ಬಳಸುವವರನ್ನು ಮೂವತ್ತು ವರುಷ ಜೊತೆಗಾರರನ್ನಾಗಿ ಎಣಿಸಿದ್ದರ ಫಲವು ಇದೆಂದು ನಾವು ತಿಳಿಯುತ್ತೇವೆ.

ಈ ಋಣಗಳನ್ನು ಸಲ್ಲಿಸದಿದ್ದರೆ ನಮಗೇನು ನಷ್ಟವೆಂದು ಕೇಳುವವರಿಗೆ ಎರಡು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದು ನಮ್ಮ ಬರೆಹಗಳ ಭವಿಷ್ಯ. ಹಿಂದೆ ಪ್ರತಿಯೊಂದು ಕನ್ನಡ ತಂತ್ರಾಂಶವೂ ಅಕ್ಷರಗಳನ್ನು ತನ್ನದೇ ಸಂಕೇತದಿಂದ ಇಟ್ಟುಕೊಂಡಿತ್ತು. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿಯೇ ಕನ್ನಡದ ತುಂಡುಗಳನ್ನು ಕೂಡಿಸಿದ್ದರು. ಆ ತಂತ್ರಾಂಶದ ಅಕ್ಷರಮಾಲೆ ಇಲ್ಲದ ಯಂತ್ರದಲ್ಲಿ ಅಂಥ ಕಡತವನ್ನು ತೆರೆದರೆ ಕನ್ನಡದ ಬದಲಾಗಿ ಅರ್ಥವಿಲ್ಲದ ರೋಮನ್ ಲಿಪಿಯ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಭಾಷೆಗಳಿಗೂ ಒಂದೇ ಸಂಕೇತವನ್ನು ನಿಯಮಿಸುವ ಯೂನಿಕೋಡ್ ಪದ್ಧತಿಯು 1991ರಲ್ಲಿ ಪ್ರಕಟವಾದಾಗಲೇ ಕನ್ನಡಕ್ಕೂ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮ ನದಿಯ ಹೆಸರನ್ನೇ ಹೊತ್ತ ‘ತುಂಗಾ’ ಎಂಬ ಅಕ್ಷರಮಾಲೆಯೂ ಬಂದಿತು. ಆದರೂ ಹಳೆಯ ಸಂಕೇತದ ಕಡತಗಳು ಎಷ್ಟೋ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಉಳಿದಿವೆ. ಅವುಗಳನ್ನು ಹೊಸ ಸಂಕೇತಕ್ಕೆ ತಿರುಗಿಸುವ ಚಿಕ್ಕ ಪರಿವರ್ತಕ ತಂತ್ರಾಂಶಗಳನ್ನು ಕನ್ನಡದ ಸ್ವಯಂಸೇವಕರು ರಚಿಸಿ ಉಚಿತವಾಗಿ ಕೊಟ್ಟಿದ್ದಾರೆ. ಅವುಗಳನ್ನು ನೋಡಿಕೊಳ್ಳುವವರು ಕೈಬಿಟ್ಟರೆ, ಹಳೆಯ ವಾರ್ಷಿಕ ವರದಿಗಳೂ ವಿದ್ಯಾರ್ಥಿನಿಯರ ಲೇಖನಗಳೂ ಕಾಗದದ ಪ್ರತಿ ಇಲ್ಲದ ಕಡೆಗಳಲ್ಲಿ ಬೀಗ ಹಾಕಿ ಕೈ ಕಳೆದುಹೋದ ಪೆಟ್ಟಿಗೆಯಂತಾಗುವುವು.

ಎರಡನೆಯದು ನಮ್ಮ ಮಕ್ಕಳ ಭಾಷೆ. ಪೂರ್ವ ವಿದ್ಯಾರ್ಥಿನಿಯರು ನಮಗೆ ಪ್ರೀತಿಯಿಂದ ಕಳುಹಿಸುವ ಸಂದೇಶಗಳಲ್ಲಿ ಬಹಳಷ್ಟು ಕನ್ನಡದ ಮಾತುಗಳೇ, ಆದರೆ ಇಂಗ್ಲಿಷ್ ಲಿಪಿಯಲ್ಲಿ. ಅವರಿಗೆ ಕನ್ನಡದ ಮೇಲೆ ಪ್ರೀತಿ ಕಡಿಮೆಯಾಯಿತೆಂದು ನಾವು ತಿಳಿಯುವುದಿಲ್ಲ. ಬೆರಳಿಗೆ ಸುಲಭವಾದ ಕಡೆಗೆ ಕೈ ಹೋಗುತ್ತದೆ. ಕನ್ನಡದ ಕೀಲಿಮಣೆಯೂ ಕಾಗುಣಿತ ಪರೀಕ್ಷಕವೂ ನಿಘಂಟೂ ಸುಗಮವಾಗಿದ್ದರೆ ಲಿಪಿ ಉಳಿಯುತ್ತದೆ. ಅವು ಸುಗಮವಾಗಬೇಕಾದರೆ ರಚಿಸುವವರು ಬದುಕಬೇಕು, ಬಳಸುವವರು ಬಾಯಿಬಿಡಬೇಕು.

“ನಾವು ಕೂಲಿನಾಲಿ ಮಾಡುವವರು; ಕುರುಗೋಡಿನಿಂದ ಮಗಳನ್ನು ಬಸ್ಸಿಗೆ ಕಳುಹಿಸುವುದೇ ಕಷ್ಟ; ತಂತ್ರಾಂಶಕ್ಕೆ ಎಲ್ಲಿಂದ ಕೊಡೋಣ?” ಎಂದು ಕೆಲವು ತಾಯಿತಂದೆಗಳು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ಕೊಡಲಾರದವರು ಉಚಿತವಾಗಿ ಬಳಸುವುದು ಯಾವ ವಿಧದಲ್ಲಿಯೂ ಲಜ್ಜೆಯ ವಿಷಯವಲ್ಲ. ಉಚಿತವಾಗಿ ಕೊಟ್ಟವರ ಉದ್ದೇಶವೇ ಅದು. ಅಂಥವರು ಮಾತಿನ ಋಣವನ್ನು ಸಲ್ಲಿಸಿದರೆ ಸಾಕು. ಕಾಲುವೆಯ ಕೊನೆಯವರ ಮಾತೇ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ಮೇಲೆ ಹೇಳಿದೆವು. ಕೊಡಬಲ್ಲವರು ಮಾತ್ರ ಮಾತಿನಿಂದಲೇ ಎಲ್ಲವೂ ತೀರಿತೆಂದು ತಿಳಿಯಬಾರದು. ದೇವಾಲಯದ ಬೊಕ್ಕಸದಲ್ಲಿ ಎರಡು ಕಾಸು ಹಾಕಿದ ವಿಧವೆಯ ಕಾಣಿಕೆಯನ್ನು ಕರ್ತನು ಮೆಚ್ಚಿದನೆಂಬ ವೃತ್ತಾಂತವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಈಗ ಫೋನಿನಿಂದಲೇ ಹತ್ತು ರೂಪಾಯಿಯನ್ನೂ ಖರ್ಚಿಲ್ಲದೆ ಕಳುಹಿಸಬಹುದಾದ್ದರಿಂದ ಚಿಕ್ಕ ಕಾಣಿಕೆಗೆ ಇದ್ದ ಅಡ್ಡಿಯು ಹೋಗಿದೆ. ಹಾಗೆಯೇ, ಹಣ ಕೊಟ್ಟವರು ಮಾತಾಡದೆ ಕುಳಿತರೆ ಅದೂ ಅರ್ಧ ಋಣವೇ. ಕಾಣಿಕೆಯು ರಚನೆಕಾರನನ್ನು ಉಳಿಸುತ್ತದೆ. ಮಾತು ಅವನ ಕೃತಿಯನ್ನು ತಿದ್ದುತ್ತದೆ. ಮೊದಲನೆಯದಿಲ್ಲದೆ ಎರಡನೆಯದನ್ನು ಕೇಳಲು ಆತನೇ ಇರುವುದಿಲ್ಲ. ಎರಡನೆಯದಿಲ್ಲದೆ ಮೊದಲನೆಯದು ದಾರಿ ತಪ್ಪುತ್ತದೆ.

ಶಾಲೆಗಳು ಮಾಡತಕ್ಕದ್ದು ಇಷ್ಟೇ. ಪ್ರತಿವರ್ಷ ಸೀಮೆಸುಣ್ಣಕ್ಕೂ ಕಾಗದಕ್ಕೂ ಹಣ ತೆಗೆದಿಡುವಂತೆಯೇ, ತಾನು ಬಳಸುವ ಚಿಕ್ಕ ತಂತ್ರಾಂಶಗಳ ಪಟ್ಟಿಯೊಂದನ್ನು ಮಾಡಿ, ಬೆಲೆಯುಳ್ಳದಕ್ಕೆ ಬೆಲೆ ಕೊಟ್ಟು, ಉಚಿತವಾದದ್ದಕ್ಕೆ ಶಕ್ತ್ಯನುಸಾರ ಕಾಣಿಕೆಯನ್ನು ಗೊತ್ತುಮಾಡಬೇಕು. ಬೆಲೆಯುಳ್ಳದ್ದನ್ನು ಕದ್ದ ಪ್ರತಿಯಿಂದ ನಡೆಸಬಾರದು. ಪರೀಕ್ಷೆಯಲ್ಲಿ ನಕಲು ಕೂಡದೆಂದು ಬೋಧಿಸುವ ಕೈಗಳಿಗೆ ಅದು ಒಪ್ಪುವುದಿಲ್ಲ. ಕಚೇರಿಯಲ್ಲಿ ಒಂದು ಪುಸ್ತಕವನ್ನಿಟ್ಟು, ಯಾರಿಗೆ ಯಾವ ದೋಷ ಕಂಡರೂ ಮೇಲಿನ ಐದು ಪ್ರಶ್ನೆಗಳ ಕ್ರಮದಿಂದ ಬರೆದಿಡಬೇಕು; ತಿಂಗಳಿಗೊಮ್ಮೆ ಅವುಗಳನ್ನು ರಚನೆಕಾರರಿಗೆ ಕಳುಹಿಸಬೇಕು.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಕೆಲವರು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆಂಬುದು ನಮಗೆ ಹೆಮ್ಮೆಯ ವಿಷಯ. ಅವರಲ್ಲಿ ಯಾರಾದರೂ ಸ್ವಂತವಾಗಿ ಒಂದು ಚಿಕ್ಕ ತಂತ್ರಾಂಶವನ್ನು ರಚಿಸುವುದಾದರೆ ಅವರಿಗೂ ಮೂರು ಮಾತುಗಳುಂಟು. ಬಂದ ಪತ್ರಗಳನ್ನೆಲ್ಲ ಓದಿರಿ. ಆದರೆ ಕೇಳಿದ್ದನ್ನೆಲ್ಲ ಮಾಡಬೇಕಾಗಿಲ್ಲ. ಆಗದೆಂದು ವಿನಯದಿಂದ ಹೇಳುವುದೂ ಉತ್ತರವೇ. ಗಟ್ಟಿಯಾಗಿ ಕೂಗುವ ಹತ್ತು ಮಂದಿಯನ್ನು ಎಲ್ಲರ ಪ್ರತಿನಿಧಿಗಳೆಂದು ಎಣಿಸದೆ, ಸುಮ್ಮನಿರುವವರು ಎಲ್ಲಿ ಎಡವುತ್ತಾರೆಂಬುದನ್ನು ಅವರ ಬಳಿಗೆ ಹೋಗಿ ನೋಡಿರಿ. ಹಣದ ವಿಷಯದಲ್ಲಿ ನಾಚಬೇಡಿರಿ. ಎಷ್ಟು ಬೇಕು, ಏತಕ್ಕೆ ಬೇಕು, ಎಷ್ಟು ಬಂದಿತೆಂಬ ಲೆಕ್ಕವನ್ನು ತೆರೆದಿಡಿರಿ. ಲೆಕ್ಕವನ್ನು ಕಂಡವರಿಗೆ ಕೊಡುವ ಮನಸ್ಸಾಗುತ್ತದೆ.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಈ ವಾರ ನಿಮ್ಮ ಫೋನಿನಲ್ಲಿ ನೀವು ದಿನವೂ ಬಳಸುವ ಒಂದು ಕನ್ನಡ ತಂತ್ರಾಂಶವನ್ನು ಆರಿಸಿಕೊಳ್ಳಿರಿ. ಅದನ್ನು ಮಾಡಿದವರು ಯಾರೆಂದು ನೋಡಿರಿ. ಕಂಡ ಒಂದು ಗುಣವನ್ನೂ ಒಂದು ದೋಷವನ್ನೂ ಬರೆದು ತಿಳಿಸಿರಿ. ಕೈಲಾದರೆ ಅದರೊಡನೆ ಅಲ್ಪವಾದ ಕಾಣಿಕೆಯನ್ನೂ ಕಳುಹಿಸಿರಿ. ಆ ಪತ್ರವನ್ನು ಮಗಳ ಕೈಯಿಂದಲೇ, ಕನ್ನಡ ಲಿಪಿಯಲ್ಲಿಯೇ ಬರೆಯಿಸಿರಿ.